ಬಿಷಪ್ಪನ ಹೆಸರು ಹೊತ್ತ ಕವಿ: ಪ್ಲಾಸಿದೊನ ಬೇರು ಹುಡುಕುತ್ತಾ

ಯಾವ ಕವಿಯ ಹೆಸರು ಕೇಳಿದರೂ ಅವನ ಅಪ್ಪ ಏನು ಕೆಲಸ ಮಾಡ್ತಿದ್ದ ಅಂತ ಮೊದಲು ಕೇಳುವ ಚಾಳಿ ನಮಗಿದೆ. ಮನೆಯಲ್ಲಿ ಅಕ್ಷರ ಕಂಡ ಮೊದಲ ತಲೆಮಾರು ನಾವು. ಕಾಲೇಜಿನಲ್ಲಿ ನಮಗೆ ಕವಿಚರಿತ್ರೆ ಹೇಳಿಕೊಟ್ಟವರು ಪ್ರತಿಯೊಬ್ಬ ಕವಿಯನ್ನೂ ಒಂದೇ ಕ್ರಮದಲ್ಲಿ ಪರಿಚಯಿಸುತ್ತಿದ್ದರು: ದೇಶ, ಕಾಲ, ಮತ, ವಂಶ. ಆಶ್ರಯ ಕೊಟ್ಟ ದೊರೆ ಯಾರು, ಗುರು ಯಾರು, ಗೋತ್ರ ಯಾವುದು. ಅಪ್ಪನ ಕೈಯಲ್ಲಿದ್ದ ಹತಾರ ಯಾವುದು ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಇರಲಿಲ್ಲ. ಇರಲಿ ಬಿಡಿ. ಆ ಪ್ರಶ್ನೆಯನ್ನು ಹಿಡಿದುಕೊಂಡೇ ನಾವು ಈ ಸಲ ಸಮುದ್ರದಾಚೆಯ ಒಬ್ಬ ಕವಿಯ ಬೇರು ಹುಡುಕಲು ಹೊರಟಿದ್ದೇವೆ.

ಅವನನ್ನು ಲೋಕ ಕರೆದದ್ದು ಪ್ಲಾಸಿದೊ ಅಂತ. ಸ್ಪೇನಿನ ವಸಾಹತಾಗಿದ್ದ ಕ್ಯೂಬಾ ದ್ವೀಪದ ಕವಿ. ಹುಟ್ಟಿದ್ದು ಹವಾನಾದಲ್ಲಿ, 1809ರ ಮಾರ್ಚ್ 18ರಂದು. ಸತ್ತದ್ದು ಮತಾನ್ಸಾಸ್ ಎಂಬ ಊರಿನಲ್ಲಿ, 1844ರ ಜೂನ್ 28ರಂದು, ಸರ್ಕಾರದ ಸಿಪಾಯಿಗಳ ಗುಂಡು ಬೆನ್ನಿಗೆ ಬಿದ್ದು. 35 ವರ್ಷದ ಬಾಳು. ಅವನು ಸತ್ತ ಮೇಲೆ ಅವನ ರಕ್ತದಲ್ಲಿ ಎಷ್ಟು ಪಾಲು ಬಿಳಿ, ಎಷ್ಟು ಪಾಲು ಕಪ್ಪು ಎಂದು ಲೆಕ್ಕ ಹಾಕಿದವರು ಬಹಳ. ಅವನ ಅಪ್ಪ ಅಮ್ಮಂದಿರ ಹೆಸರನ್ನು ಹುಡುಕಿ ತೆಗೆದವರೂ ಇದ್ದಾರೆ. ಅವರು ತೆಗೆದ ಕಾಗದಗಳನ್ನೇ ನಾವೂ ಮುಂದಿಟ್ಟುಕೊಂಡಿದ್ದೇವೆ. ಆದರೆ ಆ ಕಾಗದಗಳನ್ನು ನಾವು ಓದುವ ರೀತಿ ಬೇರೆ.

ಬೇರು ಹುಡುಕುವವರು ಮೊದಲು ಹೋಗುವುದು ದಾಖಲೆ ಪುಸ್ತಕದ ಹತ್ತಿರ. ದಾಖಲೆ ಪುಸ್ತಕ ಅಂದ್ರೆ ಏನು ಅನ್ನೋದು ನಮಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಎಷ್ಟೋ ಜನರ ಹುಟ್ಟಿದ ತಾರೀಖು ಅವ್ವ ಹೇಳಿದ್ದಲ್ಲ, ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಊಹಿಸಿ ಬರೆದದ್ದು. ಪಕ್ಕದ ಜಾತಿಯ ಕಾಲಮ್ಮಿನಲ್ಲಿ ಮಾತ್ರ ಯಾರೂ ಊಹೆ ಮಾಡಬೇಕಾಗಿ ಬರಲಿಲ್ಲ.

ಅಂದಿನ ಕ್ಯೂಬಾದಲ್ಲಿ ಹುಟ್ಟು, ಮದುವೆ, ಸಾವುಗಳ ಲೆಕ್ಕ ಇಡುತ್ತಿದ್ದದ್ದು ಇಗರ್ಜಿ. ಇಗರ್ಜಿಯಲ್ಲಿ ಲೆಕ್ಕದ ಪುಸ್ತಕ ಒಂದಲ್ಲ. ಬಿಳಿಯರಿಗೆ ಒಂದು, ಪಾರ್ದೊ ಮತ್ತು ಮೊರೆನೊಗಳಿಗೆ ಇನ್ನೊಂದು. ಪಾರ್ದೊ ಅಂದರೆ ಬಿಳಿಯರ ಮತ್ತು ಆಫ್ರಿಕದವರ ರಕ್ತ ಬೆರೆತವರು, ಮೊರೆನೊ ಅಂದರೆ ಕರಿಯರು. ಮಗುವಿನ ತಲೆಯ ಮೇಲೆ ಸುರಿಯುವ ನೀರು ಒಂದೇ, ಪಾದ್ರಿ ಹೇಳುವ ಮಂತ್ರ ಒಂದೇ. ಬರೆಯುವ ಪುಸ್ತಕ ಮಾತ್ರ ಎರಡು. ಯಾವ ಪುಸ್ತಕದಲ್ಲಿ ಹೆಸರು ಬಿತ್ತೋ ಅದರ ಮೇಲೆ ಮುಂದೆ ಆ ಮಗು ಯಾವ ಶಾಲೆಯ ಬಾಗಿಲು ದಾಟಬಹುದು, ಯಾರನ್ನು ಮದುವೆಯಾಗಬಹುದು, ಯಾವ ಕೆಲಸಕ್ಕೆ ಅರ್ಜಿ ಹಾಕಬಹುದು ಎಲ್ಲವೂ ನಿಂತಿತ್ತು.

1809ರ ಏಪ್ರಿಲ್ ತಿಂಗಳಲ್ಲಿ ಒಂದು ಗಂಡುಮಗುವಿನ ಜ್ಞಾನಸ್ನಾನ ದಾಖಲಾಯಿತು. ಮಗು ಹಿಂದಿನ ತಿಂಗಳು 18ನೇ ತಾರೀಖು ಹುಟ್ಟಿದ್ದು, ಹವಾನಾದ ಕಾಸಾ ಕೂನಾದಲ್ಲಿ ಬಿಟ್ಟುಹೋದದ್ದು, ನೋಡಲು ಬಿಳಿಯನಂತೆ ತೋರುವುದು ಎಂದು ಬರೆದರು. ಇಟ್ಟ ಹೆಸರು ಡಿಯೆಗೊ ಗಾಬ್ರಿಯೆಲ್ ದೆ ಲಾ ಕನ್ಸೆಪ್ಸಿಯೋನ್. ಅದರ ಬಾಲಕ್ಕೆ ವಾಲ್ದೆಸ್ ಎಂಬ ಮನೆತನದ ಹೆಸರು.

ಕಾಸಾ ಕೂನಾ ಅಂದರೆ ತೊಟ್ಟಿಲ ಮನೆ. ಯಾರಿಗೂ ಬೇಡವಾದ, ಇಲ್ಲವೇ ಯಾರೂ ತಮ್ಮದು ಎಂದು ಹೇಳಿಕೊಳ್ಳಲಾರದ ಕೂಸುಗಳನ್ನು ಬಿಟ್ಟುಹೋಗುವ ಜಾಗ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಹೆರೋನಿಮೊ ವಾಲ್ದೆಸ್ ಎಂಬ ಬಿಷಪ್ ಅದನ್ನು ಕಟ್ಟಿಸಿದ. ಅಲ್ಲಿಗೆ ಬಂದ ಕೂಸುಗಳಿಗೆಲ್ಲ ತನ್ನ ಮನೆತನದ ಹೆಸರನ್ನೇ ಕೊಡುವಂತೆ ಮಾಡಿದ. ಬ್ರಹ್ಮಚಾರಿ ಬಿಷಪ್ಪನಿಗೆ ಹೀಗೆ ತಲೆಮಾರುಗಟ್ಟಲೆ ಮಕ್ಕಳಾದರು. ಇವತ್ತಿಗೂ ಕ್ಯೂಬಾದಲ್ಲಿ ವಾಲ್ದೆಸ್ ಎಂಬ ಹೆಸರಿನವರು ಬೇಕಾದಷ್ಟು ಜನ ಸಿಗುತ್ತಾರೆ. ಆದ್ದರಿಂದ ಆ ಹೆಸರನ್ನು ಹಿಡಿದು ಪ್ಲಾಸಿದೊನ ವಂಶಕ್ಕೆ ಹೋಗುತ್ತೇವೆ ಅಂದರೆ ಆಗದ ಮಾತು. ಆ ದಾರಿ ಒಂದು ಕಟ್ಟಡದ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಆದರೆ ಮುಂದಿನ ಹೆಸರುಗಳನ್ನು ನೋಡಿ. ಮಗುವಿನ ತಂದೆ ಡಿಯೆಗೊ ಫೆರೆರ್ ಮತೋಸೊ. ತಾಯಿ ಕನ್ಸೆಪ್ಸಿಯೋನ್ ವಾಸ್ಕೆಸ್. ಮಗುವಿನ ಹೆಸರು ಡಿಯೆಗೊ ಅಂತ ಶುರುವಾಗಿ ಕನ್ಸೆಪ್ಸಿಯೋನ್ ಅಂತ ಮುಗಿಯುತ್ತದೆ. ಪಾದ್ರಿಯ ಪುಸ್ತಕದ ಪ್ರಕಾರ ಅಪ್ಪ ಅಮ್ಮ ಗೊತ್ತಿಲ್ಲದ ಕೂಸು, ಎರಡು ಕಡೆಯ ಹೆಸರನ್ನೂ ಮೈಮೇಲೆ ಹೊತ್ತುಕೊಂಡೇ ಆ ಪುಸ್ತಕದೊಳಕ್ಕೆ ಹೋಯಿತು. ಬಿಟ್ಟುಹೋದವರು ಪೂರ್ತಿ ಬಿಟ್ಟುಹೋಗಿರಲಿಲ್ಲ.

ಯಾರು ಈ ಇಬ್ಬರು? ಕನ್ಸೆಪ್ಸಿಯೋನ್ ವಾಸ್ಕೆಸ್ ಸ್ಪೇನಿನ ಬುರ್ಗೋಸ್ ಕಡೆಯವಳು. ಬಿಳಿಯ ಹೆಣ್ಣು. ಹವಾನಾದ ನಾಟಕಶಾಲೆಯಲ್ಲಿ ಕುಣಿಯುತ್ತಿದ್ದಳು. ಡಿಯೆಗೊ ಫೆರೆರ್ ಮತೋಸೊ ಕ್ಷೌರಿಕ, ತಲೆಗೂದಲು ಕತ್ತರಿಸಿ ಒಪ್ಪ ಮಾಡುವ ಕಸುಬಿನವನು. ಅಂದಿನವರ ಲೆಕ್ಕದಲ್ಲಿ ಅವನು ಕುವಾರ್ತೆರೋನ್. ಅಂದರೆ ನಾಲ್ಕರಲ್ಲಿ ಒಂದು ಪಾಲು ಆಫ್ರಿಕದ ರಕ್ತ ಇರುವವನು. ಮನುಷ್ಯನ ಮೈಯನ್ನು ಹೀಗೆ ನಾಲ್ಕು ಪಾಲು, ಐದು ಪಾಲು ಮಾಡಿ ಹೆಸರಿಡುವ ವಿದ್ಯೆಯನ್ನು ಸ್ಪೇನಿನ ವಸಾಹತುಶಾಹಿ ಬಹಳ ಶ್ರದ್ಧೆಯಿಂದ ಬೆಳೆಸಿತ್ತು. ಅದರ ಹಿಂದೆ ‘ರಕ್ತಶುದ್ಧಿ’ ಎಂಬ ಹಳೆಯ ಮಾತು ಇತ್ತು. ಮೊದಲು ಸ್ಪೇನಿನೊಳಗೆ ಯಹೂದ್ಯ ಮತ್ತು ಮುಸ್ಲಿಂ ಮೂಲದವರನ್ನು ಹೊರಗಿಡಲು ಹುಟ್ಟಿದ ಮಾತು ಅದು. ಹಡಗು ಹತ್ತಿ ಅಮೆರಿಕ ಖಂಡಕ್ಕೆ ಬಂದ ಮೇಲೆ ಕರಿಯರ ಮೇಲೂ ಅಲ್ಲಿನ ಮೂಲನಿವಾಸಿಗಳ ಮೇಲೂ ತಿರುಗಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಬಿಳಿಯ ಯಜಮಾನ ಕರಿಯ ಗುಲಾಮಳಿಂದ ಮಗು ಪಡೆದರೆ ಅದನ್ನು ಯಾರೂ ತೊಟ್ಟಿಲ ಮನೆಯಲ್ಲಿ ಬಚ್ಚಿಡುತ್ತಿರಲಿಲ್ಲ. ಯಾಕೆ ಬಚ್ಚಿಡಬೇಕು? ಕಾನೂನಿನ ಪ್ರಕಾರ ಗುಲಾಮಗಿರಿ ತಾಯಿಯ ಬಸಿರಿನಿಂದ ಮಗುವಿಗೆ ಇಳಿಯುತ್ತಿತ್ತು. ಆ ಮಗು ಯಜಮಾನನ ಹಟ್ಟಿಯಲ್ಲಿ ಒಂದು ತಲೆ ಹೆಚ್ಚಾದಂತೆ, ಆಸ್ತಿ. ಆದರೆ ಬಿಳಿಯ ಹೆಣ್ಣು ಬಣ್ಣದ ಗಂಡಿನಿಂದ ಬಸಿರಾದರೆ? ಅದು ಆಸ್ತಿಯಲ್ಲ, ಅವಮಾನ. ಬಿಳಿಯ ಬಸಿರಿನಿಂದ ಬಂದದ್ದರಿಂದ ಮಗು ಸ್ವತಂತ್ರ. ಅಪ್ಪನ ಬಣ್ಣದಿಂದ ಮಗು ಕಳಂಕಿತ. ಗುಲಾಮಗಿರಿಗೆ ತಾಯಿ ಕಡೆಯ ಲೆಕ್ಕ, ಕಳಂಕಕ್ಕೆ ಯಾವ ಕಡೆಯಾದರೂ ಸರಿ. ಕರಿಯರಿಗೆ ನಷ್ಟವಾಗುವ ಕಡೆಗೇ ಎರಡು ಲೆಕ್ಕವೂ ವಾಲುತ್ತಿದ್ದವು. ಪ್ಲಾಸಿದೊನನ್ನು ತೊಟ್ಟಿಲ ಮನೆಗೆ ಕಳಿಸಿದ್ದು ಈ ಲೆಕ್ಕ. ತಾಯಿಯ ಕಲ್ಲು ಮನಸ್ಸು ಅಂತ ಬರೆದವರು ಆ ಕಾಲದ ಕಾನೂನನ್ನು ಒಮ್ಮೆ ಓದಿ ಬರೆಯಬಹುದಿತ್ತು.

ಇನ್ನೊಂದು ಕಾನೂನೂ ಇದೆ. ಸ್ಪೇನಿನ ದೊರೆ ನಾಲ್ಕನೆಯ ಕಾರ್ಲೋಸ್ 1794ರಲ್ಲಿ ಒಂದು ರಾಜಾಜ್ಞೆ ಹೊರಡಿಸಿದ. ಬಿಟ್ಟುಹೋದ ಕೂಸುಗಳನ್ನು ನಾಗರಿಕ ವ್ಯವಹಾರಗಳಿಗೆಲ್ಲ ಸಕ್ರಮ ಸಂತಾನವೆಂದೇ ಎಣಿಸಬೇಕು. ಅವರನ್ನು ಯಾರಾದರೂ ಹಾದರಕ್ಕೆ ಹುಟ್ಟಿದವರು ಅಂತ ಬೈದರೆ ಅಂಥವರಿಗೆ ಶಿಕ್ಷೆ. ಕೇಳಲು ಎಷ್ಟು ಉದಾರ! ಹವಾನಾದ ತೊಟ್ಟಿಲ ಮನೆಗೆ ಬಂದ ಕೂಸಿನ ಮುಖದಲ್ಲಿ ಕಪ್ಪು ಎದ್ದು ಕಾಣದಿದ್ದರೆ ಬಿಳಿಯನೆಂದೇ ನಂಬಿಕೆ. ಅಂದರೆ ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲದಷ್ಟು ದಿನ ಆ ಮಗು ಗೌರವಸ್ಥ, ಬಿಳಿಯ, ಸಕ್ರಮ. ಅಪ್ಪ ಇಂಥವನು ಅಂತ ಗೊತ್ತಾದ ದಿನ ಮೂರೂ ಹೋಗುತ್ತವೆ. ತನ್ನ ಬೇರು ತನಗೆ ಗೊತ್ತಿಲ್ಲದಿರುವುದೇ ಒಂದು ಮಗುವಿನ ಆಸ್ತಿಯಾಗುವ ಸಮಾಜ ಎಂಥ ಸಮಾಜ ಅಂತ ನೀವೇ ಯೋಚಿಸಿ.

ಡಿಯೆಗೊ ಫೆರೆರ್ ಮತೋಸೊ ಮಗುವನ್ನು ಅಲ್ಲಿ ಬಿಡಲಿಲ್ಲ. ತೊಟ್ಟಿಲ ಮನೆಯಿಂದ ಎತ್ತಿಕೊಂಡು ಬಂದ. ಮಗು ಅಪ್ಪನ ಕಡೆಯವರ ಮನೆಯಲ್ಲಿ, ಬಣ್ಣದ ಜನರ ನಡುವೆ ಬೆಳೆಯಿತು. ಕಾಗದದ ಮೇಲೆ ಬಿಳಿಯನಾಗಿದ್ದ ಕೂಸು ಓಣಿಯಲ್ಲಿ ಪಾರ್ದೊ ಆಯಿತು. ಈ ಒಂದು ಕೆಲಸವನ್ನು ಚರಿತ್ರೆಕಾರರು ಅರ್ಧ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ನಮಗೆ ಅದನ್ನು ಅಷ್ಟು ಸುಲಭವಾಗಿ ದಾಟಿಹೋಗಲು ಆಗುತ್ತಿಲ್ಲ. ಮಗನಿಗೆ ಬಿಳಿಯನ ಕಾಗದ ಬೇಕೋ, ಅಪ್ಪ ಬೇಕೋ? ಆ ಕ್ಷೌರಿಕನ ಮನಸ್ಸಿನಲ್ಲಿ ಏನಿತ್ತು ಅಂತ ಯಾವ ಕಾಗದವೂ ಹೇಳುವುದಿಲ್ಲ. ಅವನು ಏನು ಮಾಡಿದ ಎಂಬುದಷ್ಟೇ ಇದೆ.

*

ಬಿಳಿತನವನ್ನು ಕಾಗದದ ಮೇಲೆ ಗಳಿಸುವುದಕ್ಕೆ ಇನ್ನೊಂದು ದಾರಿಯೂ ಇತ್ತು. ದುಡ್ಡು. 1795ರಲ್ಲಿ ಸ್ಪೇನಿನ ಸರ್ಕಾರ ತನ್ನ ಅಮೆರಿಕದ ವಸಾಹತುಗಳಿಗೆ ಒಂದು ದರಪಟ್ಟಿ ಹೊರಡಿಸಿತು. ದೊರೆಯ ಕೃಪೆಗಳಿಗೆ ಇಷ್ಟಿಷ್ಟು ದರ. ಅದರಲ್ಲಿ ಪಾರ್ದೊತನದಿಂದ ಬಿಡುಗಡೆಗೆ 500 ರಿಯಾಲ್, ಐದನೆಯ ಪಾಲಿನ ಕೀಂತೆರೋನ್‌ತನದಿಂದ ಬಿಡುಗಡೆಗೆ 800 ರಿಯಾಲ್. ಬಣ್ಣ ತೆಳುವಾದಷ್ಟೂ ಬೆಲೆ ಜಾಸ್ತಿ. ಬಾಗಿಲಿಗೆ ಹತ್ತಿರ ಬಂದವನಿಂದ ಹೆಚ್ಚು ಕಿತ್ತುಕೊಳ್ಳುವ ವ್ಯಾಪಾರ. ಅರ್ಜಿ ಹಾಕಿ ಗೆದ್ದವರು ಬೆರಳೆಣಿಕೆಯಷ್ಟು. ಆದರೂ ಬಿಳಿಯ ಶ್ರೀಮಂತರು ಹೌಹಾರಿದರು, ನಮ್ಮ ಪಕ್ಕದಲ್ಲಿ ಇವರು ಬಂದು ಕೂರುವುದೆ ಅಂತ.

ಪ್ಲಾಸಿದೊನ ಬದುಕಿನಲ್ಲೇ ಇದಕ್ಕೆ ಒಂದು ಉದಾಹರಣೆ ಸಿಗುತ್ತದೆ. ಹುಡುಗನಿಗೆ ಶಾಲೆ ಸರಿಯಾಗಿ ದಕ್ಕಲಿಲ್ಲ. ಹತ್ತು ವರ್ಷ ಆಗುವವರೆಗೆ ಶಾಲೆಯ ಮುಖ ನೋಡಿರಲಿಲ್ಲ ಅಂತ ಅವನ ಜೀವನ ಬರೆದವರು ಹೇಳುತ್ತಾರೆ. ಅದಾಗಿ ಎರಡು ವರ್ಷಕ್ಕೆಲ್ಲ ಕೆಲಸಕ್ಕೆ ಹಚ್ಚಿದರು. ಮೊದಲು ಹೋದದ್ದು ವಿಸೆಂತೆ ಎಸ್ಕೊಬಾರ್ ಎಂಬ ಚಿತ್ರಗಾರನ ಹತ್ತಿರ. ಹವಾನಾದ ದೊಡ್ಡವರ ಮುಖಗಳನ್ನೆಲ್ಲ ಬರೆಯುತ್ತಿದ್ದ ಹೆಸರುವಾಸಿ ಚಿತ್ರಗಾರ ಅವನು, ಪಾರ್ದೊ. 1762ರಲ್ಲಿ ಅವನು ಹುಟ್ಟಿದಾಗ ಇಗರ್ಜಿಯವರು ಅವನ ಹೆಸರನ್ನು ಬರೆದದ್ದು ಬಣ್ಣದವರ ಪುಸ್ತಕದಲ್ಲಿ. 1834ರಲ್ಲಿ ಸತ್ತಾಗ ಬರೆದದ್ದು ಬಿಳಿಯರ ಪುಸ್ತಕದಲ್ಲಿ. ಒಬ್ಬನೇ ಮನುಷ್ಯ, ಅದೇ ಚರ್ಮ. 72 ವರ್ಷದ ದುಡಿಮೆ ಮತ್ತು ಹೆಸರು ಅವನನ್ನು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಎತ್ತಿ ಹಾಕಿತ್ತು. ಶಿಷ್ಯನದು ಇದಕ್ಕೆ ತಿರುಗುಮುರುಗು. ಬಿಳಿಯನಂತೆ ತೋರುವವನು ಅಂತ ದಾಖಲಾಗಿ ಹುಟ್ಟಿದವನು ಪಾರ್ದೊ ಅಂತ ಆರೋಪಪಟ್ಟಿಯಲ್ಲಿ ಬರೆಸಿಕೊಂಡು ಸತ್ತ.

ಗುರುವನ್ನು ನಾವು ಹೀಗಳೆಯುವುದಿಲ್ಲ. ಮೇಲೇರುವ ಏಣಿ ಒಂದೇ ಇರುವಾಗ ಅದನ್ನು ಹತ್ತಿದವನನ್ನು ಕೆಳಗೆ ನಿಂತು ಬೈಯುವುದು ಸುಲಭ. ಆದರೆ ಆ ಏಣಿ ಯಾರನ್ನೆಲ್ಲ ಕೆಳಗೆ ಬಿಟ್ಟುಬಂತು ಅಂತಲೂ ಕೇಳಬೇಕು. ಪ್ಲಾಸಿದೊ ಕೇಳಿದ್ದಾನೆ. ಅವನ ಒಂದು ನಗೆಪದ್ಯದ ಹೆಸರೇ ‘ಅದನ್ನು ಅವನ ಅಜ್ಜಿಗೆ ಹೇಳಲಿ’ ಅಂತ. ಮುಖದ ಮೇಲೆ ಆಫ್ರಿಕ ಎದ್ದು ಕಾಣುತ್ತಿದ್ದರೂ ನನ್ನದು ಶುದ್ಧ ರಕ್ತ ಅಂತ ಜಂಬ ಕೊಚ್ಚುವ ಮನುಷ್ಯನ ಗೇಲಿ ಅಲ್ಲಿದೆ. ವಂಶಾವಳಿ ಬರೆಯುವವರು ಅಪ್ಪ, ತಾತ, ಮುತ್ತಾತ ಅಂತ ಗಂಡಸರ ಸಾಲು ಹಿಡಿದು ಹೋಗುತ್ತಾರೆ. ಕವಿ ಹೋದದ್ದು ಅಡಿಗೆಮನೆಯಲ್ಲಿ ಕೂತ ಅಜ್ಜಿಯ ಹತ್ತಿರ. ಮನೆಯ ನಿಜ ಗೊತ್ತಿರುವುದು ಅವಳಿಗೆ.

*

ಚಿತ್ರಗಾರನ ಹತ್ತಿರದಿಂದ ಹುಡುಗ ಹೋದದ್ದು ಹೊಸೆ ಸೆವೆರೀನೊ ಬೊಲೋನ್ಯಾ ಎಂಬಾತನ ಅಚ್ಚುಕೂಟಕ್ಕೆ. ಅಲ್ಲಿ ಮೊಳೆ ಜೋಡಿಸುವ ಕೆಲಸ. ಅಕ್ಷರವನ್ನು ಕೈಯಲ್ಲಿ ಹಿಡಿದು, ತೂಕ ನೋಡಿ, ಸಾಲಿಗೆ ಇಟ್ಟು ಕಲಿತವನು ಅವನು. ಅದರಲ್ಲಿ ಹೊಟ್ಟೆ ತುಂಬಲಿಲ್ಲವೋ ಏನೋ, ಆಮೆಚಿಪ್ಪಿನಿಂದ ಬಾಚಣಿಗೆ ಮಾಡುವ ಕಸುಬಿಗೆ ಬಂದ. ಆ ಕಾಲದಲ್ಲಿ ಸ್ಪೇನಿನ ಶ್ರೀಮಂತ ಹೆಂಗಸರು ತುರುಬಿಗೆ ಎತ್ತರದ ಬಾಚಣಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಆಮೆಚಿಪ್ಪನ್ನು ಕಾಯಿಸಿ ಮೆದುವಾಗಿಸಿ, ಬಗ್ಗಿಸಿ, ಹಲ್ಲು ಕೊಯ್ದು, ಹೂಬಳ್ಳಿ ಕೊರೆದು ಮಾಡುವ ನಾಜೂಕು ಕೆಲಸ. ಅಪ್ಪ ಕೂದಲು ಕತ್ತರಿಸಿದ, ಮಗ ಕೂದಲಿಗೆ ಬಾಚಣಿಗೆ ಮಾಡಿದ. ಎಷ್ಟೋ ವರ್ಷ ಅವನ ಅನ್ನ ಹುಟ್ಟಿದ್ದು ಬಾಚಣಿಗೆಯಿಂದಲೇ. 1826ರಲ್ಲಿ ಹವಾನಾ ಬಿಟ್ಟು ಮತಾನ್ಸಾಸ್‌ಗೆ ಹೋದದ್ದೂ ಈ ಕಸುಬಿನ ಬೆನ್ನು ಹತ್ತಿಯೇ.

ಇಲ್ಲಿ ನಮಗೆ ನಾವು ಹುಡುಕುತ್ತಿದ್ದ ಬೇರು ಸಿಗಲು ಶುರುವಾಗುತ್ತದೆ. ಕ್ಷೌರಿಕ, ಚಿತ್ರಗಾರ, ಅಚ್ಚಿನವನು, ಬಾಚಣಿಗೆಯವನು. ಕ್ಯೂಬಾದ ಊರುಗಳಲ್ಲಿ ಕೈಕಸುಬುಗಳೆಲ್ಲ ಬಹುಪಾಲು ಬಣ್ಣದ ಜನರ ಕೈಯಲ್ಲಿದ್ದವು. ದರ್ಜಿ, ಬಡಗಿ, ಚಮ್ಮಾರ, ಸಂಗೀತಗಾರ, ಸೂಲಗಿತ್ತಿ, ಹಲ್ಲು ಕೀಳುವವನು, ಹೆಣ ಸಾಗಿಸುವ ಗಾಡಿಯವನು. ಹೊಸೆ ಅಂತೋನಿಯೊ ಸಾಕೊ ಎಂಬ ಬಿಳಿಯ ವಿದ್ವಾಂಸ 1832ರಲ್ಲಿ ಅಚ್ಚಾದ ತನ್ನ ಪ್ರಬಂಧದಲ್ಲಿ ಇದನ್ನೇ ಒಂದು ರೋಗ ಅಂತ ಬರೆದ. ಕಸುಬುಗಳೆಲ್ಲ ಕರಿಯರ ಪಾಲಾಗಿವೆ, ಅದಕ್ಕೇ ಬಿಳಿಯರು ಅವನ್ನು ಮುಟ್ಟಲು ನಾಚಿ ಸೋಮಾರಿಗಳಾಗಿದ್ದಾರೆ ಅಂತ ಅವನ ಕೊರಗು. ದುಡಿಮೆ ಮಾಡಿದವನಿಗೆ ಕಳಂಕ, ದುಡಿಮೆ ಮಾಡದವನಿಗೆ ಮಾನ. ನಮಗೆ ಹೊಸದೇನಲ್ಲ ಈ ಮಾತು.

ಎಷ್ಟು ಜನ ಇದ್ದರು ಇವರು? 1841ರ ಜನಗಣತಿಯ ಪ್ರಕಾರ ಕ್ಯೂಬಾದಲ್ಲಿ ಬಿಳಿಯರು 4,18,291. ಗುಲಾಮರು 4,36,495. ಸ್ವತಂತ್ರರಾಗಿದ್ದ ಬಣ್ಣದ ಜನ 1,52,838. ಸಕ್ಕರೆ ಬೆಳೆಯುವ ದ್ವೀಪದಲ್ಲಿ ಯಜಮಾನರಿಗಿಂತ ಗುಲಾಮರೇ ಹೆಚ್ಚು. ಇಬ್ಬರ ನಡುವೆ ಈ ಒಂದೂವರೆ ಲಕ್ಷ ಕಸುಬುದಾರರು. ಅವರಲ್ಲಿ ಓದು ಬಂದವರಿದ್ದರು, ಮನೆ ಕಟ್ಟಿದವರಿದ್ದರು, ಸರ್ಕಾರದ ಪಡೆಯಲ್ಲಿ ಬಣ್ಣದವರಿಗೆಂದೇ ಇದ್ದ ತುಕಡಿಗಳಲ್ಲಿ ಸಿಪಾಯಿಗಳಾದವರಿದ್ದರು. ಬಿಳಿಯರ ನಿದ್ದೆ ಕೆಡಿಸಿದ್ದು ಇವರು. ಪಕ್ಕದ ಹೈಟಿಯಲ್ಲಿ ಗುಲಾಮರು ದಂಗೆ ಎದ್ದು 1804ರಲ್ಲಿ ಸ್ವತಂತ್ರ ದೇಶ ಕಟ್ಟಿಕೊಂಡದ್ದು ಯಾರೂ ಮರೆತಿರಲಿಲ್ಲ.

ಪ್ಲಾಸಿದೊ ಈ ಜನರ ಕವಿ. ಹಾಗಂತ ಅವನು ಹಗಲೂ ರಾತ್ರಿ ಬಂಡಾಯದ ಹಾಡು ಬರೆದ ಅಂತ ನಾವು ಸುಳ್ಳು ಹೇಳಬಾರದು. ಅವನು ಕೂಲಿಗೆ ಪದ್ಯ ಬರೆದ. ಮದುವೆಗೆ, ಹುಟ್ಟುಹಬ್ಬಕ್ಕೆ, ನಾಮಕರಣಕ್ಕೆ, ಸಾವಿಗೆ, ಕೇಳಿದವರಿಗೆ ನಿಂತ ನಿಲುವಿನಲ್ಲೇ ಕಟ್ಟಿ ಹೇಳಿದ. ‘ಲಾ ಅವ್ರೋರಾ’ ಎಂಬ ಮತಾನ್ಸಾಸ್ ಪತ್ರಿಕೆಗೆ ಬರೆದ. ಸ್ಪೇನಿನ ಎಳೆಯ ರಾಣಿ ಎರಡನೆಯ ಇಸಬೆಲ್‌ಳನ್ನು ಹೊಗಳಿಯೂ ಬರೆದ. ಇದನ್ನು ಹಿಡಿದುಕೊಂಡು ಮುಂದಿನ ವಿಮರ್ಶಕರು ಅವನನ್ನು ಹಂಗಿಸಿದರು. ಇವನೇನು ಕವಿ, ಔತಣದ ಮೇಜಿನ ಸುತ್ತ ಸುಳಿಯುವ ಭಟ್ಟಂಗಿ ಅಂತ. ಈ ವಿಮರ್ಶಕರಲ್ಲಿ ಹೊಲ, ಮನೆ, ಗುಲಾಮರು ಇದ್ದ ಮನೆತನದವರು ಎಷ್ಟು ಜನ ಅಂತ ಯಾರೂ ಕೇಳಲಿಲ್ಲ. ಅಪ್ಪನ ಗದ್ದೆಯ ಆದಾಯದಲ್ಲಿ ಬರೆದವನ ಪದ್ಯ ಶುದ್ಧ, ಪದ್ಯ ಮಾರಿ ಉಪ್ಪು ಕೊಂಡವನದು ಮೈಲಿಗೆ! ಅದೇ ಪ್ಲಾಸಿದೊ ಕೊರ್ತೆಸ್‌ನ ಕಾಲದ ಮೂಲನಿವಾಸಿ ವೀರ ಹಿಕೊತೆಂಕಾಲ್‌ನ ಮೇಲೆ ಕಥನಕಾವ್ಯ ಬರೆದಿದ್ದಾನೆ, ಸ್ವಿಟ್ಜರ್ಲೆಂಡಿನ ಕಥೆಯ ದಬ್ಬಾಳಿಕೆಗಾರ ಗೆಸ್ಲರನ ಸಾವಿನ ಮೇಲೆ ಸುನೀತ ಬರೆದಿದ್ದಾನೆ. ಸೆನ್ಸಾರಿನವನ ಕಣ್ಣ ಮುಂದೆ ಬರೆಯುವವನು ದೂರದೇಶದ ದೊರೆಯನ್ನು ಯಾಕೆ ಸಾಯಿಸುತ್ತಾನೆ ಅಂತ ಹತ್ತಿರದ ದೊರೆಗೆ ಗೊತ್ತಾಗದೆ ಇರುತ್ತದೆಯೆ?

1838ರಲ್ಲಿ ಅವನ ಕವನ ಸಂಗ್ರಹ ಮತಾನ್ಸಾಸ್‌ನಲ್ಲಿ ಅಚ್ಚಾಯಿತು. ಅದರ ಮೇಲೆ ಅವನು ಹಾಕಿಕೊಂಡ ಹೆಸರು ಪ್ಲಾಸಿದೊ. ಶಾಂತ, ಸಮಾಧಾನಿ ಅಂತ ಆ ಮಾತಿನ ಅರ್ಥ. ಬಿಷಪ್ಪನ ಹೆಸರಲ್ಲ, ಅಪ್ಪನದಲ್ಲ, ಅಮ್ಮನದಲ್ಲ. ತಾನೇ ಆರಿಸಿಕೊಂಡ ಹೆಸರು. ಬೇರೆಯವರು ಕೊಟ್ಟ ಹೆಸರುಗಳನ್ನು ಹುಟ್ಟಿದಾಗಿನಿಂದ ಹೊತ್ತವನಿಗೆ ಒಂದು ಹೆಸರನ್ನು ತಾನೇ ಇಟ್ಟುಕೊಳ್ಳುವುದು ಏನು ಅನ್ನೋದು ನಮ್ಮಲ್ಲಿ ಹೆಸರು ಬದಲಿಸಿಕೊಂಡ ಗೆಳೆಯರಿಗೆ ಹೇಳಿಕೊಡಬೇಕಾಗಿಲ್ಲ. 1842ರಲ್ಲಿ ಮರಿಯಾ ಹಿಲಾ ಮೊರಾಲೆಸ್ ಎಂಬ ಬಣ್ಣದ ಹೆಣ್ಣನ್ನು ಮದುವೆಯಾದ. ಸಂಸಾರ ಮಾಡಿದ್ದು ಎರಡು ವರ್ಷವೂ ಇಲ್ಲ.

*

1843ರಲ್ಲಿ ಮತಾನ್ಸಾಸ್ ಸೀಮೆಯ ಸಕ್ಕರೆ ತೋಟಗಳಲ್ಲಿ ಒಂದರ ಮೇಲೊಂದು ದಂಗೆಗಳಾದವು. ನವೆಂಬರ್‌ನಲ್ಲಿ ತ್ರಿಯುಂವಿರಾತೊ ಎಂಬ ತೋಟದಲ್ಲಿ ಎದ್ದ ದಂಗೆಯ ಮುಂದಾಳುಗಳಲ್ಲಿ ಕಾರ್ಲೋತಾ ಎಂಬ ಗುಲಾಮ ಹೆಣ್ಣೂ ಇದ್ದಳು. ಹೋರಾಟದಲ್ಲೇ ಸತ್ತಳು. ದ್ವೀಪವನ್ನಾಳುತ್ತಿದ್ದ ಲಿಯೊಪೊಲ್ದೊ ಒಡೊನೆಲ್ ಎಂಬ ಸೇನಾಧಿಕಾರಿ 1844ರಲ್ಲಿ ಒಂದು ಮಹಾ ಪಿತೂರಿಯ ಪತ್ತೆಗೆ ಹೊರಟ. ಗುಲಾಮರೂ ಸ್ವತಂತ್ರ ಬಣ್ಣದವರೂ ಸೇರಿ ಬಿಳಿಯರನ್ನು ಮುಗಿಸಲು ಹೊಂಚು ಹಾಕಿದ್ದಾರೆ ಅಂತ. ಪತ್ತೆಯ ವಿಧಾನ ಸರಳ. ಹಿಡಿದವರನ್ನು ಏಣಿಗೆ ಕಟ್ಟಿ, ಬೇಕಾದ ಮಾತು ಬಾಯಿಂದ ಬರುವವರೆಗೆ ಚಾಟಿಯಿಂದ ಹೊಡೆಯುವುದು. ಅದಕ್ಕೇ ಚರಿತ್ರೆಯಲ್ಲಿ ಆ ಪಿತೂರಿಯ ಹೆಸರು ‘ಲಾ ಎಸ್ಕಲೇರಾ’, ಏಣಿ ಅಂತ. ಆ ವರ್ಷವನ್ನು ಜನ ಚಾಟಿಯ ವರ್ಷ ಅಂತ ನೆನಪಿಟ್ಟುಕೊಂಡರು. ಸೈನಿಕ ನ್ಯಾಯಮಂಡಳಿ 78 ಜನರಿಗೆ ಮರಣದಂಡನೆ ಕೊಟ್ಟಿತು. ನೂರಾರು ಜನ ಜೈಲಿಗೆ ಹೋದರು, 400ಕ್ಕೂ ಹೆಚ್ಚು ಜನ ಗಡೀಪಾರಾದರು. ಏಣಿಯ ಮೇಲೇ ಪ್ರಾಣ ಬಿಟ್ಟವರು ಇವರೆಲ್ಲರಿಗಿಂತ ಬೇರೆ.

ಪ್ಲಾಸಿದೊನನ್ನು ಜನವರಿಯಲ್ಲಿ ಹಿಡಿದರು. ಪಿತೂರಿಯ ಮುಖಂಡ ಇವನೇ ಅಂದರು. ಅವನು ಕೊನೆಯವರೆಗೂ ತಾನು ನಿರಪರಾಧಿ ಎಂದ. ಪಿತೂರಿ ನಡೆದದ್ದು ನಿಜವೆ, ನಡೆದಿದ್ದರೆ ಅದರಲ್ಲಿ ಅವನ ಪಾತ್ರ ಎಷ್ಟು ಎಂಬುದರ ಮೇಲೆ ಚರಿತ್ರೆಕಾರರು ಇವತ್ತಿಗೂ ವಾದ ಮಾಡುತ್ತಿದ್ದಾರೆ. ಜೂನ್ 28ರ ಬೆಳಿಗ್ಗೆ ಅವನ ಜೊತೆ ಇನ್ನೂ ಹತ್ತು ಜನರಿಗೆ ಗುಂಡಿಕ್ಕಿದರು. ಅವರು ಯಾರು ಅಂತ ನೋಡಿ. ಆಂದ್ರೆಸ್ ದೋಡ್ಜ್ ಹಲ್ಲಿನ ವೈದ್ಯ. ಮಿಗೆಲ್ ರೊಮಾನ್ ಸಂಗೀತಗಾರ. ಸಾಂತಿಯಾಗೊ ಪಿಮಿಯೆಂತಾ ಸ್ವಂತ ಜಮೀನಿದ್ದವನು. ಹೊರ್ಹೆ ಲೋಪೆಸ್ ಬಣ್ಣ ಬಳಿಯುವ ಕಸುಬಿನವನು. ಕೈಕೆಲಸದಿಂದ ಎದ್ದು ನಿಂತ ಒಂದು ಜನವರ್ಗ, ಸಾಲಾಗಿ ಬೆನ್ನು ತಿರುಗಿಸಿ ಕೂತಿತ್ತು. ಅದಾದ ಮೇಲೆ ಬಣ್ಣದವರ ಸೈನಿಕ ತುಕಡಿಗಳನ್ನು ವಜಾ ಮಾಡಿದರು. ಹೊರದೇಶಗಳಿಂದ ಬಂದು ನೆಲೆಸಿದ್ದ ಸ್ವತಂತ್ರ ಬಣ್ಣದವರನ್ನು ದ್ವೀಪ ಬಿಡಿಸಿದರು.

ಅದೇ ಹೊತ್ತಿನಲ್ಲಿ ಇನ್ನೊಬ್ಬ ಕವಿ ಜೈಲಿನಲ್ಲಿದ್ದ. ಹುವಾನ್ ಫ್ರಾನ್ಸಿಸ್ಕೊ ಮನ್ಸಾನೊ. ಅವನು ಗುಲಾಮನಾಗಿ ಹುಟ್ಟಿದವನು. ತನ್ನ ಗುಲಾಮಗಿರಿಯ ಕಥೆಯನ್ನು ತಾನೇ ಬರೆದವನು. 1836ರಲ್ಲಿ ಕೆಲವು ಬಿಳಿಯ ಸಾಹಿತಿಗಳು ಚಂದಾ ಎತ್ತಿ ಅವನ ಬಿಡುಗಡೆ ಕೊಂಡಿದ್ದರು. ಅವನನ್ನು ಕೊಲ್ಲಲಿಲ್ಲ. ಹೊರಗೆ ಬಂದ ಮೇಲೆ ಮತ್ತೆ ಅವನು ಏನನ್ನೂ ಪ್ರಕಟಿಸಲಿಲ್ಲ. ಒಬ್ಬ ಕವಿ ಗುಂಡಿಗೆ, ಇನ್ನೊಬ್ಬ ಮೌನಕ್ಕೆ.

ತಮಾಷೆ ನೋಡಿ. ಅಮೆರಿಕದ ಗುಲಾಮಗಿರಿ ವಿರೋಧಿ ಬಿಳಿಯ ಕವಿ ವಿಟ್ಟಿಯರ್ ಈ ಇಬ್ಬರನ್ನೂ ಕಲಸಿ ‘ಹುವಾನ್ ಪ್ಲಾಸಿದೊ’ ಎಂಬ ಒಬ್ಬ ಗುಲಾಮ ಕವಿಯನ್ನು ಮಾಡಿ ಬರೆದ. ಪ್ಲಾಸಿದೊ ಎಂದೂ ಗುಲಾಮನಾಗಿರಲಿಲ್ಲ. ಒಳ್ಳೆಯ ಮನಸ್ಸಿನ ಗೆಳೆಯನಿಗೂ ಕರಿಯ ಕವಿಗಳು ಇಬ್ಬರು ಇರಬಹುದು, ಇಬ್ಬರ ಅವ್ವಂದಿರು ಬೇರೆ ಬೇರೆ ಇರಬಹುದು ಅಂತ ಹೊಳೆಯಲಿಲ್ಲ. ಕ್ಯೂಬಾದೊಳಗೆ 1878ರಲ್ಲಿ ಫ್ರಾನ್ಸಿಸ್ಕೊ ಕಲ್ಕಾನ್ಯೊ ‘ಬಣ್ಣದ ಕವಿಗಳು’ ಅಂತ ಪುಸ್ತಕ ಮಾಡಿ ಇವರ ಬದುಕನ್ನು ಕೂಡಿಟ್ಟ. 1894ರಲ್ಲಿ ಸ್ವಾತಂತ್ರ್ಯ ಹೋರಾಟಗಾರನೇ ಆಗಿದ್ದ ಮನುಯೆಲ್ ಸಂಗೀಲಿ, ಪ್ಲಾಸಿದೊ ಬರೀ ಆಶುಕವಿ, ದೊಡ್ಡದೇನಲ್ಲ ಅಂತ ತಳ್ಳಿಹಾಕಿದ. ಅಮೆರಿಕದ ಕರಿಯ ಲೇಖಕ ಮಾರ್ಟಿನ್ ಡೆಲನಿ ಮಾತ್ರ 1859ರಿಂದ ಧಾರಾವಾಹಿಯಾಗಿ ಬಂದ ತನ್ನ ‘ಬ್ಲೇಕ್’ ಕಾದಂಬರಿಯಲ್ಲಿ ಪ್ಲಾಸಿದೊನನ್ನು ಬದುಕಿಸಿ, ಬಂಡಾಯದ ಕವಿಯಾಗಿ ನಿಲ್ಲಿಸಿದ. 1922ರಲ್ಲಿ ಜೇಮ್ಸ್ ವೆಲ್ಡನ್ ಜಾನ್ಸನ್, ಪ್ಲಾಸಿದೊ ತಾಯಿಗೆ ಬರೆದ ಬೀಳ್ಕೊಡುಗೆಯ ಸುನೀತವನ್ನು ಕರಿಯ ಕವಿಗಳ ತನ್ನ ಸಂಕಲನಕ್ಕೆ ತರ್ಜುಮೆ ಮಾಡಿ ಸೇರಿಸಿದ. ಡೆಲನಿಗಾಗಲಿ ಜಾನ್ಸನ್‌ಗಾಗಲಿ ಅವನು ಎಷ್ಟನೆಯ ಪಾಲು ಎಂಬ ಲೆಕ್ಕ ಬೇಕಾಗಲಿಲ್ಲ. ತಮ್ಮವನು ಅಂತ ಹತ್ತಿರ ಕರೆದುಕೊಂಡರು.

ಕ್ಯೂಬಾದಲ್ಲಿ ಗುಲಾಮಗಿರಿ ಮುಗಿದದ್ದು 1886ರಲ್ಲಿ. ಸ್ಪೇನಿನ ಆಳ್ವಿಕೆ 1898ರಲ್ಲಿ ಹೋಯಿತು. ಪ್ಲಾಸಿದೊ ಇದ್ಯಾವುದನ್ನೂ ನೋಡಲಿಲ್ಲ.

ಗೆಳೆಯರೇ, ಬೇರು ಹುಡುಕುವುದೇ ತಪ್ಪು, ಕವಿಯ ಕವಿತೆ ನೋಡಿದರೆ ಸಾಕು ಅಂತ ಹೇಳುವವರು ನಮ್ಮಲ್ಲೂ ಇದ್ದಾರೆ. ಈ ಮಾತು ಯಾವಾಗಲೂ ಬೇರಿನ ಬಗ್ಗೆ ಯಾರೂ ಕೇಳದ ಮನೆತನದವರ ಬಾಯಿಂದಲೇ ಬರುತ್ತದೆ. ನಾವು ಹುಡುಕಬೇಕು. ಆದರೆ ಏನನ್ನು ಹುಡುಕುತ್ತಿದ್ದೇವೆ ಅಂತ ತಿಳಿದು ಹುಡುಕಬೇಕು. ರಕ್ತವನ್ನು ಹುಡುಕಿಕೊಂಡು ಹೋದರೆ ನಮಗೆ ಸಿಗುವುದು ಯಜಮಾನರು ಇಟ್ಟ ಎರಡು ಪುಸ್ತಕಗಳು, ಒಂದು ದರಪಟ್ಟಿ, ಒಬ್ಬ ಬಿಷಪ್ಪನ ಹೆಸರು. ಆ ಕಾಗದಗಳನ್ನು ಓದಲೇಬೇಕು, ಯಾಕೆಂದರೆ ಅವು ಪ್ಲಾಸಿದೊನ ಬಗ್ಗೆ ಹೇಳುವುದಕ್ಕಿಂತ ಅವನ್ನು ಬರೆದವರ ಬಗ್ಗೆ ಹೆಚ್ಚು ಹೇಳುತ್ತವೆ. ಅವನ ಬೇರು ಇದ್ದದ್ದು ಮಗುವನ್ನು ತೊಟ್ಟಿಲ ಮನೆಯಿಂದ ಎತ್ತಿಕೊಂಡು ಬಂದ ಕ್ಷೌರಿಕನ ಕೈಯಲ್ಲಿ, ಹೆಸರಿನೊಳಗೆ ತನ್ನ ಹೆಸರು ಉಳಿದುಹೋದ ಆ ಕುಣಿಯುವವಳಲ್ಲಿ, ಮೊಳೆ ಹಿಡಿಯುವುದನ್ನು, ಚಿಪ್ಪು ಕೊರೆಯುವುದನ್ನು ಹೇಳಿಕೊಟ್ಟ ಕಸುಬುದಾರರಲ್ಲಿ, ಜೂನ್ 28ರಂದು ಅವನ ಪಕ್ಕ ಕೂತ ಹತ್ತು ಜನರಲ್ಲಿ.

ಮುಂದೆ ಯಾರಾದರೂ ನಮ್ಮ ಭಾಷೆಯ ಕವಿಗಳ ಚರಿತ್ರೆಯನ್ನು ಹೊಸದಾಗಿ ಬರೆಯಲು ಕೂತರೆ, ದೇಶ, ಕಾಲ, ಮತ, ವಂಶದ ಕೆಳಗೆ ಇನ್ನೊಂದು ಸಾಲು ಗೆರೆ ಎಳೆದು ಬಿಡಲಿ. ಮನೆಯಲ್ಲಿ ದುಡಿದವರ ಕೈಯಲ್ಲಿ ಏನಿತ್ತು ಅಂತ ಅಲ್ಲಿ ತುಂಬಲಿ. ನಮ್ಮ ಮನೆಗಳಿಗೆ ಬಂದು ಕೇಳಿದರೆ ಅವ್ವ ಹೇಳುತ್ತಾಳೆ.